ಗಂಗಾವಳಿ ಅಳಿವೆಯಾಚೆ ಹತ್ತು ಮೀಟರ್ ನೀರು

ಎಂ.ಎಸ್ಸಿ. ಎರಡನೇ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ಒಂದು ಸಣ್ಣ ಪ್ರಶ್ನೆ. ಮಳೆಗಾಲ ಮುಗಿಯುತ್ತ ಬಂದಾಗ ಗಂಗಾವಳಿಯ ಸಿಹಿನೀರು ಕಡಲಿನಲ್ಲಿ ಎಷ್ಟು ದೂರ ಹೋಗುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ? ಇಷ್ಟೇ. ಚಂಡಮಾರುತದ ಯೋಚನೆಯೇ ನನ್ನ ತಲೆಯಲ್ಲಿ ಇರಲಿಲ್ಲ.

ಈ ನದಿಯನ್ನೇ ಆರಿಸಲು ಕಾರಣ ಇತ್ತು. ನಾನು ಯಲ್ಲಾಪುರ ಕಡೆಯವಳು. ನಮ್ಮಲ್ಲಿ ಇದು ಬೇಡ್ತಿ. ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದು, ಅಂಕೋಲಾ ಸೀಮೆಗೆ ಬಂದಾಗ ಗಂಗಾವಳಿ ಆಗುತ್ತದೆ. ಪಕ್ಕದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟುಗಳಿವೆ. ಗಂಗಾವಳಿಗೆ ಅಂಥ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದಲ್ಲಿ ಬಿದ್ದ ಮಳೆ ಯಾರ ಅಪ್ಪಣೆಗೂ ಕಾಯದೆ ಕಡಲಿಗೆ ಬರುತ್ತದೆ. ಮಳೆಗೂ ಕಡಲಿಗೂ ನೇರ ಸಂಬಂಧ ನೋಡಬೇಕು ಅಂದರೆ ಇಂಥ ನದಿಯೇ ಬೇಕು.

ನದಿ ಕಡಲು ಸೇರುವ ಅಳಿವೆಯ ಪಕ್ಕದ ಮಂಜಗುಣಿಯಲ್ಲಿ ಒಬ್ಬರು ತಮ್ಮ ದೋಣಿಯಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಒಪ್ಪಿದರು. ಫೈಬರ್ ದೋಣಿ, ಹಿಂದೆ ಒಂದು ಎಂಜಿನ್. ನಾನು ಅವರನ್ನು ಅಣ್ಣ ಎಂದು ಕರೆಯುತ್ತಿದ್ದೆ. ಅವರಿಗೆ ನಾನು ತಂಗಿ. ಮೂವತ್ತು ವರ್ಷ ಅದೇ ಅಳಿವೆಯಲ್ಲಿ ಬಲೆ ಬಿಟ್ಟವರು. ಆಳವನ್ನು ಮಾರಿನಲ್ಲೇ ಹೇಳುತ್ತಿದ್ದರು. ನಾನು ಅದನ್ನು ಮೀಟರಿಗೆ ತಂದುಕೊಳ್ಳುತ್ತಿದ್ದೆ.

ಮೊದಲ ಸಲ ಹೋಗಿದ್ದು 2019ರ ಅಕ್ಟೋಬರ್ 17ರಂದು. ಕಡಲಿಗೆ ಇಳಿಸಿದರೆ ಉಪ್ಪು, ಉಷ್ಣತೆ, ಆಳ ಮೂರನ್ನೂ ಒಟ್ಟಿಗೆ ಬರೆದುಕೊಳ್ಳುವ ಯಂತ್ರಗಳಿವೆ. ಅವಕ್ಕೆ ಲಕ್ಷಗಟ್ಟಲೆ ದುಡ್ಡು. ನನ್ನ ಹತ್ತಿರ ಇದ್ದಿದ್ದು ಹಳೆಯ ಪದ್ಧತಿಯ ಸಾಮಾನು. ಒಂದು ನಿಸ್ಕಿನ್ ಬಾಟಲಿ. ಎರಡೂ ಕಡೆ ಬಾಯಿ ತೆರೆದ ಕೊಳವೆ ಅದು. ಹಗ್ಗ ಕಟ್ಟಿ ಬೇಕಾದ ಆಳಕ್ಕೆ ಇಳಿಸಬೇಕು. ಆಮೇಲೆ ಹಗ್ಗದ ಮೇಲೆ ಒಂದು ಹಿತ್ತಾಳೆ ತೂಕ ಜಾರಿಬಿಡಬೇಕು. ಅದು ಹೋಗಿ ಬಡಿದ ಕೂಡಲೇ ಎರಡೂ ಮುಚ್ಚಳ ಟಪ್ ಅಂತ ಮುಚ್ಚಿಕೊಳ್ಳುತ್ತವೆ. ಆ ಆಳದ ನೀರು ಮಾತ್ರ ಒಳಗೆ ಉಳಿಯುತ್ತದೆ. ಮುಚ್ಚಿದ್ದನ್ನು ಹಗ್ಗ ಹಿಡಿದ ಕೈಗೆ ಬರುವ ಸಣ್ಣ ಅದುರಿನಿಂದ ತಿಳಿಯಬೇಕು.

ಉಪ್ಪು ನೋಡಲು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್. ಗಾಜಿನ ಮೇಲೆ ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದರೆ ಒಳಗೆ ನೀಲಿ ಬಿಳಿ ಸೇರುವ ಗೆರೆ ಕಾಣುತ್ತದೆ. ಅದು ನಿಂತ ಅಂಕಿಯೇ ಒಂದು ಕಿಲೋ ನೀರಿನಲ್ಲಿ ಎಷ್ಟು ಗ್ರಾಂ ಉಪ್ಪಿದೆ ಎಂಬ ಲೆಕ್ಕ. ತೆರೆದ ಕಡಲಿನಲ್ಲಿ ಅದು ಸುಮಾರು 35. ಅರಬ್ಬಿ ಸಮುದ್ರದ ನಡುವೆ 36ನ್ನೂ ದಾಟುತ್ತದೆ, ಅಲ್ಲಿ ಬೀಳುವ ಮಳೆಗಿಂತ ಆವಿಯಾಗುವ ನೀರು ಜಾಸ್ತಿ. ಈ ಉಪಕರಣಕ್ಕೆ ಒಂದು ಗ್ರಾಮಿಗಿಂತ ಸೂಕ್ಷ್ಮ ತಿಳಿಯುವುದಿಲ್ಲ. ತೆರೆದ ಕಡಲಿಗೆ ಇದು ಸಾಲದು. ಅಳಿವೆಯ ಎದುರು ಸಾಕಾಗುತ್ತದೆ, ಯಾಕೆಂದರೆ ಅಲ್ಲಿ ವ್ಯತ್ಯಾಸವೇ ಅಷ್ಟು ದೊಡ್ಡದು.

ಮೊದಲ ದಿನವೇ ಒಂದು ತಪ್ಪಾಯಿತು. ಹಗ್ಗ ಹಿಂದೆ ಯಾವಾಗಲೋ ಕಡಿದು ಗಂಟು ಹಾಕಿದ್ದು. ಆ ಗಂಟಿನಲ್ಲಿ ಹಿತ್ತಾಳೆ ತೂಕ ಸಿಕ್ಕಿಕೊಂಡಿತು. ನಾನು ಬಾಟಲಿ ಮುಚ್ಚಿದೆ ಅಂದುಕೊಂಡು ಮೇಲೆ ಎಳೆದೆ. ಬಾಯಿ ತೆರೆದೇ ಇತ್ತು. ಬರುವಾಗ ದಾರಿಯ ನೀರೆಲ್ಲ ಅದರೊಳಗೆ ಹಾದುಹೋಗಿತ್ತು. ಹಿಂದಿನ ಎರಡು ಮಾದರಿಗಳ ಮೇಲೂ ಸಂಶಯ ಬಂತು. ಮೂರನ್ನೂ ಚೆಲ್ಲಿ, ಗಂಟಿಲ್ಲದ ಹಗ್ಗ ಕಟ್ಟಿ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಅಣ್ಣ ಒಂದು ಮಾತೂ ಆಡದೆ ದೋಣಿಯನ್ನು ಹಿಂದಕ್ಕೆ ತಿರುಗಿಸಿದರು. ಆ ಉಪಕಾರ ದೊಡ್ಡದು. ಡೀಸೆಲ್, ಸೀಮೆಎಣ್ಣೆಯ ಬೆಲೆ ಗೊತ್ತಿದ್ದವರಿಗೆ ಅದು ತಿಳಿಯುತ್ತದೆ.

ಹತ್ತು ಮೀಟರ್ ಆಳದ ಜಾಗದಲ್ಲಿ ಆ ದಿನ ಸಿಕ್ಕಿದ್ದು ಹೀಗಿತ್ತು. ಮೇಲೆ ಉಪ್ಪು 30, ಉಷ್ಣತೆ 29 ಡಿಗ್ರಿ. ಐದು ಮೀಟರಿಗೆ ಇಳಿದರೆ 34. ತಳದ ಹತ್ತಿರ 35, ಉಷ್ಣತೆ 26. ಬಾಟಲಿಯ ನೀರನ್ನು ಕೈಮೇಲೆ ಬಿಟ್ಟುಕೊಂಡರೇ ತಣ್ಣಗಿದ್ದದ್ದು ಗೊತ್ತಾಗುತ್ತಿತ್ತು.

ಅಡಿಯ ನೀರು ಅಷ್ಟು ತಣ್ಣಗಿರಲು ಕಾರಣ ಮಳೆಗಾಲದ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಮೇಲಿನ ನೀರು ದಂಡೆಯಿಂದ ದೂರಕ್ಕೂ ದಕ್ಷಿಣಕ್ಕೂ ಸರಿಯುತ್ತದೆ. ಆ ಜಾಗ ತುಂಬಲು ಆಳದ ತಣ್ಣನೆಯ, ಉಪ್ಪು ಜಾಸ್ತಿ ಇರುವ ನೀರು ದಂಡೆಯ ಕಡೆ ಮೇಲೇರುತ್ತದೆ. ಆದರೆ ಅದೇ ನಾಲ್ಕು ತಿಂಗಳು ಪಶ್ಚಿಮ ಘಟ್ಟದ ಮಳೆಯೆಲ್ಲ ನದಿಗಳಲ್ಲಿ ಇಳಿದು ಬಂದು ಆ ತಣ್ಣೀರಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಕೆಲವು ಮೀಟರ್ ದಪ್ಪದ ಹೊದಿಕೆ, ಅಷ್ಟೇ. ಅದು ಕಲಸಿಹೋಗುವುದಿಲ್ಲ, ಯಾಕೆಂದರೆ ಹಗುರ. ಮನೆಯಲ್ಲಿ ಪಾನಕ ಮಾಡಿ ಕದಡದೆ ಬಿಟ್ಟರೆ ಬೆಲ್ಲ ಅಡಿಯಲ್ಲೇ ಇರುತ್ತದೆ ಅಲ್ವಾ, ಮೊದಲ ಲೋಟ ಸಪ್ಪೆ, ಕೊನೆಯ ಲೋಟ ಸಿಹಿ. ಹಾಗೆ.

ಹಗುರ ಮಾಡುವುದರಲ್ಲಿ ಬಿಸಿಗಿಂತ ಉಪ್ಪಿನ ಕೈ ಮೇಲು. ನಮ್ಮಂಥ ಬೆಚ್ಚನೆಯ ಕಡಲಿನಲ್ಲಿ ಕಿಲೋಗೆ ಒಂದು ಗ್ರಾಂ ಉಪ್ಪು ಕಡಿಮೆಯಾದರೆ ನೀರು ಎಷ್ಟು ಹಗುರವಾಗುತ್ತದೋ, ಅಷ್ಟು ಹಗುರವಾಗಲು ಅದನ್ನು ಎರಡು ಡಿಗ್ರಿಗೂ ಜಾಸ್ತಿ ಬಿಸಿ ಮಾಡಬೇಕು. ನನ್ನ ಜಾಗದಲ್ಲಿ ಐದು ಗ್ರಾಮಿನ ವ್ಯತ್ಯಾಸ ಇತ್ತು. ಸಣ್ಣಪುಟ್ಟ ಗಾಳಿಗೆ ಈ ಹೊದಿಕೆ ಜಗ್ಗುವುದಿಲ್ಲ.

ಜಗ್ಗದಿದ್ದರೆ ತಳದ ನೀರಿಗೆ ಮೇಲಿನ ಗಾಳಿಯೂ ಸಿಗುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ತಳದ ನೀರಿನ ಆಮ್ಲಜನಕ ತೀರಾ ಕಡಿಮೆಯಾಗುತ್ತದೆ. ಇದನ್ನು ಕಣ್ಣಿಂದ ನೋಡುವ ಒಂದು ವಿಧಾನ ಇದೆ. ಮಾದರಿಯ ಗಾಜಿನ ಬಾಟಲಿಗೆ ಎರಡು ದ್ರಾವಣ ಹಾಕಿ, ಗಾಳಿಗುಳ್ಳೆ ಸೇರದಂತೆ ಬಿರಡೆ ಹಾಕಿ ತಿರುಗಿಸಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಮೋಡದಂತೆ ಗಸಿ ಇಳಿಯುತ್ತದೆ. ಇಲ್ಲದಿದ್ದರೆ ಬೆಳ್ಳಗೆ. ಮೇಲಿನ ನೀರಿನ ಬಾಟಲಿ ಕಾಫಿ ಬಣ್ಣಕ್ಕೆ ತಿರುಗಿತು. ತಳದ್ದು ಹಾಲಿನ ಕೆನೆಯ ಬಣ್ಣದಲ್ಲೇ ನಿಂತಿತು. ಅಣ್ಣ ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

"ಅಡಿಗೆ ಇಳಿಸಿದ ಬಲೆಗೆ ಈ ತಿಂಗಳು ಏನೂ ಸಿಗುದಿಲ್ಲ ತಂಗಿ," ಅಂದರು. "ಶೆಟ್ಲಿ ಎಲ್ಲ ದಂಡೆಗೆ ಓಡಿ ಬರ್ತದೆ. ಉಸಿರು ಕಟ್ತದೆ ಅದಕ್ಕೆ."

ಶೆಟ್ಲಿ ಅಂದರೆ ಸಿಗಡಿ. ನಾನು ಟಿಪ್ಪಣಿ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡೆ.

ಆಮೇಲಿನ ವಾರ ಮಳೆ ಬಿಡಲಿಲ್ಲ. ಅರಬ್ಬಿ ಸಮುದ್ರದಲ್ಲಿ ಕಡಿಮೆ ಒತ್ತಡ ಎದ್ದಿತ್ತು. 24ಕ್ಕೆ ಅದು ವಾಯುಭಾರ ಕುಸಿತವಾಯಿತು, 25ಕ್ಕೆ ಚಂಡಮಾರುತ. ಹೆಸರು ಕ್ಯಾರ್. ಮೊದಲು ಕೊಂಕಣ ದಂಡೆಯ ಕಡೆಗೇ ಬಂದು, ಆಮೇಲೆ ಪಶ್ಚಿಮಕ್ಕೆ ತಿರುಗಿತು. ನಮ್ಮ ಕರಾವಳಿಗೆ ಅದರ ಕಣ್ಣು ಬರಲೇ ಇಲ್ಲ. ಅದರ ಸೆರಗು ಮಾತ್ರ ತಾಗಿತು. ಅಷ್ಟಕ್ಕೇ ಕಾರವಾರ ಬಂದರಿನಲ್ಲಿ ಬೇರೆ ರಾಜ್ಯದ ಮೀನುಗಾರಿಕೆ ಬೋಟುಗಳೆಲ್ಲ ಬಂದು ಆಸರೆ ಪಡೆದವು. ಬೇರೆ ಬೇರೆ ಭಾಷೆ ಮಾತಾಡುವ ಮೀನುಗಾರರು ಒಂದೇ ಮಳೆಯಲ್ಲಿ ನೆನೆಯುತ್ತ ನಿಂತಿದ್ದರು. 27ರಂದು, ದೀಪಾವಳಿಯ ದಿನ, ದೂರದ ಕಡಲಿನಲ್ಲಿ ಕ್ಯಾರ್ ಸೂಪರ್ ಸೈಕ್ಲೋನ್ ಆಯಿತು. 2007ರ ಗೋನು ಬಿಟ್ಟರೆ ಅರಬ್ಬಿ ಸಮುದ್ರದಲ್ಲಿ ಅಂಥದ್ದು ಇನ್ನೊಂದು ದಾಖಲಾಗಿರಲಿಲ್ಲ. ಆ ವರ್ಷ ಅರಬ್ಬಿ ಸಮುದ್ರವೊಂದರಲ್ಲೇ ಐದು ಚಂಡಮಾರುತ ಎದ್ದವು.

ನಾನು ಅಣ್ಣನಿಗೆ ದಿನಾ ಫೋನ್ ಮಾಡುತ್ತಿದ್ದೆ. ಅವರದ್ದು ಒಂದೇ ಉತ್ತರ. "ಇವತ್ತು ಬೇಡ. ನೀರು ಇನ್ನೂ ಸಮಾ ಆಗಲಿಲ್ಲ." ಅವರು ಬೇಡ ಅಂದಮೇಲೆ ನಾನು ಒತ್ತಾಯ ಮಾಡುತ್ತಿರಲಿಲ್ಲ. ಯಾರೂ ಮಾಡಬಾರದು. ಅಂಕಿ ಇನ್ನೊಂದು ದಿನ ಸಿಗುತ್ತದೆ.

29ರ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಇನ್ನೊಂದು ತೂಫಾನು ಬರುವ ಸುದ್ದಿ ಇದೆ, ಹೋಗುವುದಾದರೆ ಇವತ್ತೇ ಹೋಗುವ, ಹತ್ತು ಮೀಟರಿಗಿಂತ ಆಚೆ ಇಲ್ಲ ಅಂದರು. ಆ ಇನ್ನೊಂದರ ಹೆಸರು ಆಮೇಲೆ ಮಹಾ ಅಂತ ಆಯಿತು.

ಅಳಿವೆ ದಾಟುವಾಗಲೇ ಕಡಲು ಗುರುತು ಸಿಗದಷ್ಟು ಬದಲಾಗಿತ್ತು. ಕೆಂಪು ಮಣ್ಣಿನ ನೀರು. ಅದರಲ್ಲಿ ತೇಲಿ ಬಂದ ಬಿದಿರು, ಒಣಗಿದ ಎಲೆ, ಅಡಿಕೆ ಹಾಳೆ. ಅಡಿಕೆ ಹಾಳೆ ಕಂಡಾಗ ನನಗೆ ಮನೆಯ ನೆನಪಾಯಿತು. ನಮ್ಮೂರ ಮೇಲೆ ಮೂರು ದಿನ ಸುರಿದ ಮಳೆಯೇ ಇದು, ಈಗ ನಾನು ಅದರ ಮೇಲೆ ಕೂತಿದ್ದೇನೆ ಅನ್ನಿಸಿತು. ಸ್ವಲ್ಪ ಮುಂದೆ ಹೋದರೆ ಒಂದು ಉದ್ದನೆಯ ನೊರೆಯ ಗೆರೆ. ಈಚೆ ಕೆಂಪು, ಆಚೆ ಹಸಿರು. ಹತ್ತು ಮೀಟರ್ ಆಳದ ನನ್ನ ಜಾಗ ಇನ್ನೂ ಕೆಂಪಿನ ಒಳಗೇ ಇತ್ತು.

ಬಿಳಿ ಸೆಕ್ಕಿ ತಟ್ಟೆಯನ್ನು ಹಗ್ಗದಲ್ಲಿ ಇಳಿಸಿದೆ. ನೀರು ಎಷ್ಟು ತಿಳಿಯಾಗಿದೆ ಅಂತ ನೋಡಲು ಅದು. ಹಿಂದಿನ ಸಲ ಎರಡು ಮೀಟರ್ ತನಕ ಕಂಡಿತ್ತು. ಈ ಸಲ ಮೊಳದ ಆಳಕ್ಕೇ ಮಾಯ. ಮೇಲಿನ ನೀರಿನ ಉಪ್ಪು ನೋಡಿದೆ. 24. ಹನ್ನೆರಡು ದಿನದಲ್ಲಿ ಆರು ಗ್ರಾಂ ಇಳಿದಿತ್ತು.

ಅಲ್ಲಿಗೆ ನನ್ನ ತಲೆಯಲ್ಲಿ ಪ್ರಾಜೆಕ್ಟಿನ ಕೊನೆಯ ವಾಕ್ಯ ತಯಾರಾಯಿತು. ಚಂಡಮಾರುತ ಕರಾವಳಿಯ ನೀರನ್ನು ಸಿಹಿ ಮಾಡುತ್ತದೆ. ಅಲೆ ಜೋರಾಗಿತ್ತು, ಹೊಟ್ಟೆ ತೊಳೆಸುತ್ತಿತ್ತು, ಮೇಲಿನ ನೀರಷ್ಟೇ ತುಂಬಿಕೊಂಡು ಹಿಂದಿರುಗಬಹುದಿತ್ತು. ಆದರೆ ಮೊದಲ ದಿನ ಐದು ಆಳದ ನೀರು ತೆಗೆದಿದ್ದೆ. ಈ ದಿನವೂ ಐದು ತೆಗೆಯದಿದ್ದರೆ ಹೋಲಿಸುವುದು ಹೇಗೆ? ದೋಣಿಯ ಅಂಚಿಗೆ ಮೊಣಕಾಲು ಊರಿ ಬಾಟಲಿ ಇಳಿಸಿದೆ.

ಎರಡು ಮೀಟರಿನಲ್ಲಿ 33. ಐದರಲ್ಲಿ 33. ತಳದ ಹತ್ತಿರವೂ 33. ಉಷ್ಣತೆ ಎಲ್ಲ ಕಡೆ ಇಪ್ಪತ್ತೇಳೂವರೆ. ರಿಫ್ರಾಕ್ಟೋಮೀಟರ್ ಕೆಟ್ಟಿದೆ ಅಂದುಕೊಂಡೆ. ಶುದ್ಧ ನೀರು ಹಾಕಿ ನೋಡಿದೆ, ಗೆರೆ ಸರಿಯಾಗಿ ಸೊನ್ನೆಗೆ ನಿಂತಿತು. ಮತ್ತೆ ತಳದ ನೀರು ತೆಗೆದೆ. ಮತ್ತೆ 33.

ಮೇಲೆ ಬರೀ ಒಂದು ಮೀಟರ್ ದಪ್ಪದ ಸಿಹಿ ಮುಚ್ಚಳ. ಅದರ ಕೆಳಗೆ ಪದರವೇ ಇಲ್ಲ.

ರಾತ್ರಿ ರೂಮಿಗೆ ಬಂದು ಎರಡೂ ದಿನದ ಅಂಕಿಗಳನ್ನು ಪಕ್ಕಪಕ್ಕ ಬರೆದೆ. ಮೊದಲ ದಿನದ ಮೇಲಿನಿಂದ ತಳದವರೆಗಿನ ಉಪ್ಪಿಗೆ ಸರಾಸರಿ ತೆಗೆದೆ. 33ಕ್ಕೆ ಬಂತು. ಉಷ್ಣತೆಗೂ ತೆಗೆದೆ. ಇಪ್ಪತ್ತೇಳೂವರೆಯ ಹತ್ತಿರ. ಸುಮ್ನೆ ಕೂತುಬಿಟ್ಟೆ. ಗಾಳಿ ಮತ್ತು ಅಲೆ ಆ ಹತ್ತು ಮೀಟರನ್ನು ಪಾನಕದಂತೆ ಕದಡಿ ಒಂದು ಮಾಡಿದ್ದವು. ಉಪ್ಪು ಎಲ್ಲಿಗೂ ಹೋಗಿರಲಿಲ್ಲ. ಅಡಿಯದ್ದು ಮೇಲೆ ಬಂದಿತ್ತು. ಅಂದರೆ ಗಾಳಿ ಬೀಸಿದ ದಿನಗಳಲ್ಲಿ ನಾನು ಮೇಲಿನ ನೀರು ಅಳೆದಿದ್ದರೆ ಉಪ್ಪು ಜಾಸ್ತಿ ಆಗಿದ್ದು ಕಾಣುತ್ತಿತ್ತು! ಕೆಂಪು ನೀರು ಬಂದಿದ್ದು ಆಮೇಲೆ. ಘಟ್ಟದ ಮಳೆ ಹೊಳೆಗೆ ಇಳಿದು, ಹೊಳೆ ತುಂಬಿ, ಕಡಲಿಗೆ ಬರಲು ಅದಕ್ಕೂ ಹೊತ್ತು ಬೇಕಲ್ಲ.

ಕಡಲಿನ ನೀರು ತೊಟ್ಟಿಯಲ್ಲಿ ನಿಂತ ನೀರಲ್ಲ. ಹನ್ನೆರಡು ದಿನದಲ್ಲಿ ಅಲ್ಲಿದ್ದ ನೀರು ಎಲ್ಲಿಗೋ ಹೋಗಿರುತ್ತದೆ, ಬೇರೆ ಬಂದಿರುತ್ತದೆ. ಸರಾಸರಿ ಹೊಂದಿದ್ದನ್ನು ನಾನು ಪುರಾವೆ ಅಂತ ಬರೆಯಲಿಲ್ಲ. ಇನ್ನೊಂದು ತೊಡಕೂ ಇತ್ತು. 28ಕ್ಕೆ ಅಮಾವಾಸ್ಯೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಭರತ ಇಳಿತ ಎರಡೂ ಜೋರು. ಇಳಿತದಲ್ಲಿ ಹೊಳೆ ನೀರು ಇನ್ನೂ ದೂರ ನುಗ್ಗುತ್ತದೆ. ಮೇಲಿನ 24ರಲ್ಲಿ ಚಂಡಮಾರುತದ ಮಳೆಯ ಪಾಲೆಷ್ಟು, ಅಮಾವಾಸ್ಯೆಯ ಪಾಲೆಷ್ಟು ಅಂತ ಬಿಡಿಸಲು ನನ್ನ ಒಂದು ದಿನದ ಅಳತೆ ಸಾಲದು. ಇದನ್ನೂ ಹಾಗೇ ಬರೆದೆ.

ಆದರೆ ಮಳೆ ನೇರವಾಗಿ ಕಡಲಿಗೆ ಬಿದ್ದದ್ದರಿಂದ ಇಷ್ಟು ಇಳಿದಿಲ್ಲ ಎಂಬುದಕ್ಕೆ ಲೆಕ್ಕ ಸಾಕು. 100 ಮಿಲಿಮೀಟರ್ ಮಳೆ ಹತ್ತು ಮೀಟರ್ ನೀರಿಗೆ ಪೂರ್ತಿ ಬೆರೆತರೆ ನೂರಕ್ಕೆ ಒಂದು ಪಾಲು. 35 ಇದ್ದದ್ದು ಅರ್ಧ ಗ್ರಾಮಿನಷ್ಟೂ ಇಳಿಯುವುದಿಲ್ಲ. ದಂಡೆಯ ಹತ್ತಿರ ನಿಜವಾದ ಬದಲಾವಣೆ ತರುವುದು ಹೊಳೆ. ಘಟ್ಟದ ಅಷ್ಟಗಲ ನೆಲದ ಮಳೆಯನ್ನೆಲ್ಲ ಒಂದು ಅಳಿವೆಗೆ ತಂದು ಸುರಿಯುತ್ತದಲ್ಲ, ಅದು. 2013ರ ಅಕ್ಟೋಬರ್‌ನಲ್ಲಿ ಒಡಿಶಾದ ಗೋಪಾಲಪುರದ ಹತ್ತಿರ ಫೈಲಿನ್ ದಂಡೆಗೆ ಬಡಿದ ಮೇಲೆ ಚಿಲಿಕಾ ಸರೋವರದ ಉಪ್ಪು ಬಿದ್ದುಹೋಗಿದ್ದೂ ನೆರೆಯ ನೀರಿನಿಂದಲೇ.

ಆಮ್ಲಜನಕದ ಬಾಟಲಿಗಳನ್ನು ನೋಡಲು ಮರುದಿನ ಬೆಳಿಗ್ಗೆಯ ಬೆಳಕು ಬೇಕಾಯಿತು. ತಳದ ನೀರಿನ ಬಾಟಲಿಯಲ್ಲಿ ಗಸಿ ಇಳಿದಿತ್ತು. ಕಂದು ಬಣ್ಣ. ಮೇಲಿನದರಷ್ಟು ಗಾಢ ಅಲ್ಲ, ಆದರೆ ಕಂದು. ಫೋಟೋ ತೆಗೆದು ಅಣ್ಣನಿಗೆ ವಾಟ್ಸ್ಆ್ಯಪ್ ಮಾಡಿದೆ.

ಕೆಲಸ ಇಲ್ಲಿಗೆ ಬಂದಮೇಲೆ ನಾನು ಓದಲು ಕೂತೆ. ಬಂಗಾಳ ಕೊಲ್ಲಿಯ ಕಥೆ ಓದಿದಾಗ ನನ್ನ ಹತ್ತು ಮೀಟರ್ ಇನ್ನೂ ಚೆನ್ನಾಗಿ ಅರ್ಥವಾಯಿತು. ಗಂಗೆ, ಬ್ರಹ್ಮಪುತ್ರ, ಇರಾವತಿ, ಮಹಾನದಿ, ಗೋದಾವರಿ, ಕೃಷ್ಣೆ ಎಲ್ಲ ಸೇರುವುದು ಅಲ್ಲಿಗೇ. ಮಳೆಗಾಲದ ನಂತರ ಅಲ್ಲಿನ ಉತ್ತರ ಭಾಗಕ್ಕೆ ಸಿಹಿನೀರಿನ ದೊಡ್ಡ ಹೊದಿಕೆ ಇರುತ್ತದೆ. ಹೊದಿಕೆಯ ಕೆಳಗಿನ ನೀರೂ ಬೆಚ್ಚಗೇ ಇರುತ್ತದೆ. ತಣ್ಣೀರು ಇರುವುದು ಅದಕ್ಕೂ ಕೆಳಗೆ. ಚಂಡಮಾರುತ ಬಂದು ಕದಡಿದರೂ ತಣ್ಣೀರು ಸುಲಭಕ್ಕೆ ಮೇಲೆ ಬರುವುದಿಲ್ಲ. ಕಡಲು ತಣ್ಣಗಾಗದಿದ್ದರೆ ಚಂಡಮಾರುತಕ್ಕೆ ಬಿಸಿ ಸಿಗುತ್ತಲೇ ಇರುತ್ತದೆ. ಅಲ್ಲಿ ಮಳೆಗಾಲಕ್ಕೆ ಮುಂಚೆ ಬರುವ ಚಂಡಮಾರುತಗಳು ಕಡಲನ್ನು ತಂಪು ಮಾಡುವುದು, ಮಳೆಗಾಲದ ನಂತರ ಬರುವವುಗಳಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ. ಉಪ್ಪಿನ ಪದರಕ್ಕೆ ಅದರಲ್ಲಿ ದೊಡ್ಡ ಪಾಲಿದೆ. ಮೇಲಿನ ನೀರು ಎಷ್ಟು ಸಪ್ಪೆ ಎಂಬುದಕ್ಕೂ ಚಂಡಮಾರುತದ ಬಲಕ್ಕೂ ಸಂಬಂಧ ಇದೆ ಅಂತ ಮೊದಲ ಸಲ ಓದಿದಾಗ ನಾನು ಆ ಪುಟವನ್ನು ಎರಡು ಸಲ ಓದಿದೆ.

ತೆರೆದ ಕಡಲಿನಲ್ಲಿ ಇದನ್ನೆಲ್ಲ ಅಳೆಯಲು ಆರ್ಗೊ ತೇಲುಗಳಿವೆ. ಜಗತ್ತಿನ ಕಡಲುಗಳಲ್ಲಿ ಹತ್ತಿರ ಹತ್ತಿರ ನಾಲ್ಕು ಸಾವಿರ. ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆ ಬರುತ್ತ ಉಪ್ಪು, ಉಷ್ಣತೆ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಮ್ಮ ಕಡೆಯ ಇಂಥ ಮಾಹಿತಿಯನ್ನು ನೋಡಿಕೊಳ್ಳುತ್ತದೆ. ಆದರೆ ಆ ತೇಲುಗಳು ಆಳದ ನೀರಿನವು. ಮಂಜಗುಣಿ ಎದುರಿನ ಹತ್ತು ಮೀಟರಿಗೆ ಅವು ಬರುವುದಿಲ್ಲ. ಮೀನು ಸಿಗುವುದು, ಹೊಳೆ ಸೇರುವುದು, ದೋಣಿ ಓಡಾಡುವುದೆಲ್ಲ ಈ ಕಡಿಮೆ ಆಳದಲ್ಲೇ. ಇಲ್ಲಿ ಯಾರಾದರೂ ಹಗ್ಗ ಹಿಡಿದು ಹೋಗಲೇಬೇಕು. ಚಂಡಮಾರುತಕ್ಕೆ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ, ಮತ್ತೆ ಒಮ್ಮೆ. ನನಗೆ 17ನೇ ತಾರೀಖಿನ ಅಂಕಿ ಇಲ್ಲದೇ ಹೋಗಿದ್ದರೆ 29ರ ಅಂಕಿಗೆ ಏನೂ ಅರ್ಥ ಇರುತ್ತಿರಲಿಲ್ಲ.

ಮಹಾ ದಾಟಿಹೋದ ಮೇಲೆ, ನವೆಂಬರ್ 8ಕ್ಕೆ ಮೂರನೇ ಸಲ ಹೋದೆವು. ಕಡಲು ಹಸಿರಾಗಿತ್ತು. ಬಿಸಿಲು ಚುರುಕಾಗಿತ್ತು. ಮೇಲೆ 31, ತಳದಲ್ಲಿ 34. ಹೊದಿಕೆ ಮತ್ತೆ ಕಟ್ಟಿಕೊಂಡಿತ್ತು, ಮೂರು ಮೀಟರ್ ದಪ್ಪಕ್ಕೆ. ಆದರೆ ಅಕ್ಟೋಬರ್‌ನಷ್ಟು ಗಟ್ಟಿ ಅಲ್ಲ. ತಳದ ನೀರು 28 ಡಿಗ್ರಿ. ಮಳೆಗಾಲದ ಆ ತಣ್ಣೀರು ಹಿಂದೆ ಸರಿದಿತ್ತು. ಪ್ರತಿ ವರ್ಷ ಈ ಹೊತ್ತಿಗೆ ಅದು ಹೇಗೂ ಸರಿಯುತ್ತದೆ. ಕ್ಯಾರ್ ಅದನ್ನು ಕೆಲವು ದಿನ ಮುಂಚೆಯೇ ಕದಡಿ ಹಾಕಿತು ಅಂತ ನನ್ನ ಅಂದಾಜು.

ತಳದ ಬಾಟಲಿಗೆ ದ್ರಾವಣ ಹಾಕುವಾಗ ಅಣ್ಣ ಎಂಜಿನ್ ಬಂದ್ ಮಾಡಿ ಹತ್ತಿರ ಬಂದು ಕೂತರು. ಬಿರಡೆ ಹಾಕಿ ನಾನು ಬಾಟಲಿಯನ್ನು ಅವರ ಕೈಗೆ ಕೊಟ್ಟೆ. ಅವರೇ ತಿರುಗಿಸಿದರು, ಮೇಲೆ ಕೆಳಗೆ, ಮೇಲೆ ಕೆಳಗೆ. ಬಿಸಿಲಿಗೆ ಎತ್ತಿ ಹಿಡಿದರು. ಕಂದು ಮೋಡ ನಿಧಾನಕ್ಕೆ ಇಳಿಯಿತು.

"ನಾಳೆ ಅಡಿ ಬಲೆ ಹಾಕಿ ನೋಡ್ವ," ಅಂದರು. ಆಮೇಲೆ ದಕ್ಷಿಣಕ್ಕೆ ಕೈ ತೋರಿಸಿದರು. "ಅಲ್ಲೊಂದು ಕಡೆ ಕಲ್ಲು ಉಂಟು, ಆರು ಮಾರು ನೀರು. ಅಲ್ಲಿಯೂ ಒಂದು ಬಾಟಲಿ ತೆಗಿ ತಂಗಿ."

ನಾನು ತೂಕವನ್ನು ಹಗ್ಗಕ್ಕೆ ಸಿಕ್ಕಿಸಿಕೊಂಡು ಕೂತೆ. ಅವರು ಎಂಜಿನ್ ಶುರು ಮಾಡಿದರು.